ಬೆಲ್ಲಕ್ಕೆ ಬಣ್ಣ ಬಂದ ಬಗೆ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಹೆಸರು ಅಲ್ಲಿನ ಸಕ್ಕರೆ ಕಾರ್ಖಾನೆಯಿಂದಾಗಿ ಕಬ್ಬು ಬೆಳೆಗಾರರಿಗೆಲ್ಲ ಪರಿಚಿತ. ಆದರೆ ಕಾರ್ಖಾನೆಗಳು ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ಸೀಮೆಯ ಕಬ್ಬಿನ ಹಾಲು ಕುದಿಯುತ್ತಿದ್ದುದು ಆಲೆಮನೆಯ ಕೊಪ್ಪರಿಗೆಯಲ್ಲಿ. ಅಲ್ಲಿಂದ ಇಳಿದ ಬೆಲ್ಲ ಕಂದು ಬಣ್ಣದ್ದು. ಮಣ್ಣು ಸವುಳಾದರೆ, ಗೊಬ್ಬರ ಹೆಚ್ಚಾದರೆ, ಪಾಕ ಒಂದಿಷ್ಟು ಮೀರಿದರೆ ಅದು ಇನ್ನೂ ಕಪ್ಪಾಗುತ್ತಿತ್ತು. ಅದನ್ನು ಯಾರೂ ದೋಷವೆಂದು ಎಣಿಸಿರಲಿಕ್ಕಿಲ್ಲ.

ಹಾಲಿನ ಕೊಳೆ ತೆಗೆಯಲು ಆಲೆಮನೆಯವರಿಗೆ ತಮ್ಮದೇ ಉಪಾಯಗಳಿದ್ದವು. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಅದನ್ನು ಕುದಿಯುವ ಹಾಲಿಗೆ ಸುರಿದಾಗ ಕಸವೆಲ್ಲ ಲೋಳೆಗೆ ಅಂಟಿ ನೊರೆಯಾಗಿ ಮೇಲೇಳುತ್ತದೆ. ಜಾಲರಿಯಿಂದ ಎತ್ತಿ ಚೆಲ್ಲಿದರಾಯಿತು. ಹುಳಿ ಮುರಿಯಲು ಹದವಾಗಿ ಸುಣ್ಣ. ಇದರಿಂದ ಬೆಲ್ಲ ತಿಳಿಯಾಗುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ.

1930ರ ದಶಕದಲ್ಲಿ ಕೃಷ್ಣರಾಜಸಾಗರದ ನಾಲೆ ನೀರು ಹರಿಯಿತು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಬಿಳಿ ಸಕ್ಕರೆ ಮನೆಮನೆಗೆ ಬಂದಂತೆ ಕೊಳ್ಳುವವರ ಕಣ್ಣೂ ಬದಲಾಯಿತು. ಬಿಳುಪೆಂದರೆ ಶುದ್ಧ ಎಂಬ ನಂಬಿಕೆ ಬೆಲ್ಲದ ಮಂಡಿಗೂ ನುಗ್ಗಿತು. ನಮ್ಮ ಬಹುಪಾಲು ಕಾರ್ಖಾನೆಗಳು ಸಕ್ಕರೆಯ ಬಿಳುಪಿಗೆ ಗಂಧಕದ ಹೊಗೆಯನ್ನೇ ನೆಚ್ಚಿದ್ದವೆಂಬುದು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ! ಅಚ್ಚು, ಬಕೆಟ್, ಕುರಿಕಾಲು, ಯಾವ ಬೆಲ್ಲವಾದರೂ ಹೊಂಬಣ್ಣದ್ದಕ್ಕೆ ಮೇಲಿನ ದರ, ಕಪ್ಪಿಗೆ ಕೆಳಗಿನ ದರ ಎಂದಾದ ಮೇಲೆ ಆಲೆಮನೆಯವನಿಗೆ ಬೇರೆ ದಾರಿ ಉಳಿಯಲಿಲ್ಲ.

ಆಗ ನೆರವಿಗೆ ಬಂದದ್ದು ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಮೂಲತಃ ಇದು ಬಟ್ಟೆಗೆ ಬಣ್ಣ ಹಾಕುವವರ ಸರಕು. ಒಂದು ಹಿಡಿ ಬಿದ್ದರೆ ಕಂದು ಪಾಕ ನೋಡನೋಡುತ್ತಿದ್ದಂತೆ ಹಳದಿಗೆ ತಿರುಗುತ್ತದೆ. ಆದರೆ ಈ ಚೆಲುವು ಬಾಳುವಂಥದ್ದಲ್ಲ. ಗಾಳಿ ತಾಗುತ್ತ ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಮಾತ್ರ ಒಳಗೇ ಉಳಿಯುತ್ತದೆ. ಉಬ್ಬಸ ಇರುವವರಿಗೆ ಅದು ತೊಂದರೆ ಕೊಡಬಲ್ಲದು.

ಬಿಳುಪು ಮಾಡುವುದು ಒಂದು ಬಗೆಯಾದರೆ ಬಣ್ಣ ಬೆರೆಸುವುದು ಇನ್ನೊಂದು. ಕಲ್ಲಿದ್ದಲ ಟಾರಿನಿಂದ ಬಣ್ಣ ತೆಗೆಯುವ ವಿದ್ಯೆ 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೈಗೆ ಆಕಸ್ಮಿಕವಾಗಿ ಸಿಕ್ಕಿತು. ಬಟ್ಟೆಗೆಂದು ಹುಟ್ಟಿದ ಇಂಥ ಬಣ್ಣಗಳು ಬೇಗನೆ ಮಿಠಾಯಿಗೂ ಹತ್ತಿದವು. ಭಾರತದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯ್ದೆ, ಅನಂತರ 2006ರ ಆಹಾರ ಸುರಕ್ಷತಾ ಕಾಯ್ದೆ ಇವಕ್ಕೆ ಕಡಿವಾಣ ಹಾಕಿದವು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಮೊದಲಾದ ಎಂಟು ಕೃತಕ ಬಣ್ಣಗಳಿಗೆ ಮಾತ್ರ ಅನುಮತಿ. ಅವೂ ಎಲ್ಲ ತಿನಿಸಿಗಲ್ಲ. ಬಿಸ್ಕತ್ತು, ಮಿಠಾಯಿಗಳಂಥವಕ್ಕೆ, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮಿತಿಯಲ್ಲಿ. ಚಿಟಿಕೆಯ ಲೆಕ್ಕದಲ್ಲಿ ಬಣ್ಣ ಹಾಕುವ ಅಡುಗೆಯವನು ಈ ಮಿತಿಯನ್ನು ಸುಲಭವಾಗಿ ದಾಟಿಬಿಡುತ್ತಾನೆ. ಬೆಲ್ಲಕ್ಕಂತೂ ಕೃತಕ ಬಣ್ಣ ಹಾಕುವಂತೆಯೇ ಇಲ್ಲ. ಬೇಳೆ, ಅರಿಸಿನಗಳ ಕಲಬೆರಕೆಯಲ್ಲಿ ಸಿಕ್ಕಿಬೀಳುವ ಮೆಟಾನಿಲ್ ಯೆಲ್ಲೊ ಯಾವ ತಿನಿಸಿಗೂ ಸಲ್ಲದು. ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಅದು ನೇರಳೆಗೆಂಪಾಗಿ ಗುಟ್ಟು ಬಿಟ್ಟುಕೊಡುತ್ತದೆ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮಾದರಿಗಳಲ್ಲಿ ಸಿಕ್ಕ ರೋಡಮಿನ್-ಬಿ ಕೂಡ ಬಟ್ಟೆಯ ಬಣ್ಣವೇ. ಬೀದಿಬದಿಯ ಕೆಂಪು ಕಣ್ಣಿಗೆ ರಾಚುವುದರಿಂದ ಸುದ್ದಿಯಾಯಿತು. ದೇವರ ನೈವೇದ್ಯಕ್ಕೂ ಬಾಣಂತಿಯ ಪಥ್ಯಕ್ಕೂ ಬಳಸುವ ಬೆಲ್ಲದ ಹಳದಿ ಅಷ್ಟು ಸದ್ದು ಮಾಡುವುದಿಲ್ಲ.

ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ರಾಸಾಯನಿಕ ಬೆರೆಸದ ಬೆಲ್ಲ ತಯಾರಿಕೆಯ ತರಬೇತಿ ನೀಡುತ್ತ ಬಂದಿದೆ. ಅಲ್ಲಿ ಕೊಳೆ ತೆಗೆಯಲು ಹೇಳಿಕೊಡುವುದೂ ಅದೇ ಬೆಂಡೆಯ ಲೋಳೆಯನ್ನು. ಹೀಗೆ ಮಾಡಿದ ಕಂದು ಬೆಲ್ಲ ನಗರದ ಸಾವಯವ ಅಂಗಡಿಗಳಲ್ಲಿ ಈಗ ಹೆಚ್ಚಿನ ಬೆಲೆಗೇ ಮಾರಾಟವಾಗುತ್ತಿದೆ.