ಭೀಮನ ಕುಲಗೋತ್ರ

ಧಾರವಾಡದ ನಮ್ಮ ಓಣಿಯಲ್ಲಿ ಭೀಮನೆಂಬ ಬೆಕ್ಕೊಂದಿದೆ. ಕಿರಾಣಿ ಅಂಗಡಿಯವರು ಅದನ್ನು ಗೋಣಿಚೀಲದಲ್ಲಿಟ್ಟು ತೂಗಿದಾಗ ಏಳೂವರೆ ಕಿಲೋ ಬಂದಿತು. ಸಾಮಾನ್ಯವಾದ ಮನೆಬೆಕ್ಕು ಮೂರರಿಂದ ಐದು ಕಿಲೋ ತೂಗುತ್ತದೆ. ಭೀಮನು ಅಂಗಳದಲ್ಲಿ ನಡೆದು ಬಂದರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಬೂದುಬಣ್ಣದ ಮೈ, ಅದರ ಮೇಲೆ ಕಪ್ಪು ಪಟ್ಟೆ, ಅಗಲವಾದ ಮೋರೆ, ಯಾರಿಗೂ ದಾರಿ ಬಿಡದ ಗಾಂಭೀರ್ಯ. ಇಷ್ಟು ದೊಡ್ಡ ಪ್ರಾಣಿ ಸಾಧಾರಣ ಬೆಕ್ಕಿನ ಹೊಟ್ಟೆಯಲ್ಲಿ ಹುಟ್ಟಿರಲಾರದೆಂಬುದು ಓಣಿಯವರ ಏಕಾಭಿಪ್ರಾಯ. ಹಾಗಾದರೆ ಯಾರ ಹೊಟ್ಟೆಯಲ್ಲಿ ಎಂಬಲ್ಲಿ ಮಾತ್ರ ಭಿನ್ನಮತ. ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಬಿಟ್ಟುಹೋದ ವಿಲಾಯಿತಿ ಬೆಕ್ಕಿನ ಸಂತಾನವೆಂದು ಕೆಲವರು. ಕಾಲೇಜಿನ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರ ತೋರಿಸಿ, ಇದು ಅಮೆರಿಕದ 'ಮೇನ್ ಕೂನ್' ಎಂದು ಸಾಧಿಸಿದ. ಕೋಳಿ ಸಾಕಿದವರು ಮಾತ್ರ ಕಾಡುಬೆಕ್ಕಿನ ಮಗನೆಂದರು.

ಇಷ್ಟಕ್ಕೇ ನಿಂತಿದ್ದರೆ ಅದು ಕಟ್ಟೆಯ ಮೇಲಿನ ಹರಟೆಯಾಗಿ ಮುಗಿಯುತ್ತಿತ್ತು. ಆದರೆ ಕಳೆದ ಚಳಿಗಾಲದಲ್ಲಿ ಓಣಿಯ ತುದಿಯ ಮನೆಯ ಕೋಳಿಗಳು ಒಂದೊಂದಾಗಿ ಕಾಣೆಯಾದವು. ಭೀಮನನ್ನು ಚೀಲದಲ್ಲಿ ಕಟ್ಟಿ ಕಲಘಟಗಿಯ ಆಚೆಯ ಅಡವಿಯಲ್ಲಿ ಬಿಟ್ಟುಬರುವುದೆಂದು ನಾಲ್ಕು ಜನ ಸೇರಿ ತೀರ್ಮಾನಿಸಿದರು. "ಮನೀ ಬೆಕ್ಕಾಗಿದ್ರ ಬ್ಯಾರೆ ಮಾತಿತ್ರಿ. ಇದು ಕಾಡಬೆಕ್ಕಿನ ಬೀಜ, ಇದರ ಜಾಗಾ ಅಡವೀನ" ಎಂಬುದು ಅವರ ನ್ಯಾಯ. ಬೆಕ್ಕಿನ ಒಡತಿ ಒಂಟಿಯಾಗಿರುವ ವೃದ್ಧೆ. ಸಂಜೆ ನಮ್ಮ ಮನೆಗೆ ಬಂದು, "ಸರ, ನೀವು ಶಾಸನಾ ಓದಿದವರು. ರಾಜರ ವಂಶಾ ಹೇಳತೀರಿ. ಇದರ ಕುಲಾನೂ ಒಂದೀಟು ನೋಡ್ರಿ" ಎಂದರು.

ಶಾಸನಕ್ಕೂ ಬೆಕ್ಕಿಗೂ ಏನು ಸಂಬಂಧವೆಂದು ಕೇಳುಗರು ನಗಬಹುದು. ಸಂಬಂಧವುಂಟು, ಅದು ಈ ಧಾರವಾಡದಲ್ಲಿಯೇ ಇದೆ. ವಾಲ್ಟರ್ ಎಲಿಯಟ್ ಎಂಬ ಹೆಸರು ಕನ್ನಡ ಶಾಸನಗಳ ಅಭ್ಯಾಸಿಗಳಿಗೆ ಪರಿಚಿತವಾದುದು. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಈತನೊಬ್ಬ. ಆಗ ಇಪ್ಪತ್ತೊಂದರ ತರುಣ. ಬಿಡುಗಡೆಯಾದ ಮೇಲೆ ಈ ಸೀಮೆಯ ಮೇಲೆ ದ್ವೇಷ ಬೆಳೆಸಿಕೊಳ್ಳದೆ ಊರೂರು ತಿರುಗಿ ಕಲ್ಲುಗಳ ಮೇಲಿನ ಬರಹಗಳನ್ನು ಪ್ರತಿ ಮಾಡಿಸಿದ. ಐನೂರಕ್ಕೂ ಹೆಚ್ಚು ಶಾಸನಗಳು ಹೀಗೆ ಸಂಗ್ರಹವಾದವು. ಅವುಗಳ ಆಧಾರದಿಂದ ೧೮೩೭ರಲ್ಲಿ ಚಾಲುಕ್ಯರ ವಂಶಾವಳಿಯನ್ನು ಕ್ರಮಪಡಿಸುವ ಲೇಖನವನ್ನು ಪ್ರಕಟಿಸಿದ. ಎರಡು ವರ್ಷಗಳ ತರುವಾಯ ಇದೇ ನಾಡಿನ ಸಸ್ತನಿಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ, ಅದರಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಕೊಟ್ಟ. ಅರಸರ ವಂಶವನ್ನೂ ಅಡವಿಯ ಪ್ರಾಣಿಯನ್ನೂ ಒಂದೇ ಶ್ರದ್ಧೆಯಿಂದ ನೋಡಿದ ಕಣ್ಣು ಅದು.

ಡಾರ್ವಿನ್ ೧೮೬೮ರಲ್ಲಿ ಸಾಕುಪ್ರಾಣಿಗಳ ಮತ್ತು ಬೆಳೆಗಳ ಮಾರ್ಪಾಡುಗಳನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಬರೆದನಷ್ಟೆ. ಅದರ ಬೆಕ್ಕಿನ ಪ್ರಕರಣದಲ್ಲಿ ನಮ್ಮ ಎಲಿಯಟ್ ಸಾಕ್ಷಿಯಾಗಿ ನಿಂತಿದ್ದಾನೆ. ಮದ್ರಾಸಿನ ಬಳಿ ತಾನು ಕೊಂದ ಕಾಡುಮರಿಗಳು ಮನೆಬೆಕ್ಕಿನ ಬೆರಕೆಯೆಂಬುದು ಸ್ಪಷ್ಟವಾಗಿತ್ತೆಂದೂ, ಅವುಗಳ ಬಾಲ ದಪ್ಪವಾಗಿದ್ದು ಮುಂಗಾಲಿನ ಒಳಬದಿಯಲ್ಲಿ ಕಾಡುಬೆಕ್ಕಿನ ಲಕ್ಷಣವಾದ ಅಗಲವಾದ ಕಂದು ಪಟ್ಟೆಯಿತ್ತೆಂದೂ, ಅದೇ ಗುರುತನ್ನು ಭಾರತದ ಮನೆಬೆಕ್ಕುಗಳಲ್ಲಿಯೂ ಎಷ್ಟೋ ಸಲ ಕಂಡಿರುವೆನೆಂದೂ ಆತ ತಿಳಿಸಿದ್ದ. ಗಮನಿಸಬೇಕಾದ ಅಂಶವೆಂದರೆ ಎಲಿಯಟ್ ಗಾತ್ರದ ಮಾತನ್ನೇ ಎತ್ತಲಿಲ್ಲ. ಬಾಲವನ್ನು ನೋಡಿದ, ಕಾಲನ್ನು ನೋಡಿದ. ಶಾಸನದ ಕಾಲವನ್ನು ಕಲ್ಲಿನ ಎತ್ತರದಿಂದಲ್ಲದೆ ಅಕ್ಷರದ ಕೊಂಬು ತಲೆಕಟ್ಟುಗಳಿಂದ ಗೊತ್ತುಮಾಡುವಂತೆ.

ಮರುದಿನ ಮುಂಜಾನೆ ನಾನೂ ಹಾಗೆಯೇ ಮಾಡಿದೆ. ಒಡತಿ ಭೀಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂಗಾಲನ್ನು ಎತ್ತಿ ಹಿಡಿದರು. ಒಳಬದಿಯಲ್ಲಿ, ಅಯ್ಯೋ, ಕಪ್ಪು ಪಟ್ಟೆ ಸ್ಪಷ್ಟವಾಗಿಯೇ ಇತ್ತು! ನನ್ನ ಮುಖ ನೋಡಿ ಅವರ ಮುಖವೂ ಬಾಡಿತು. ಆದರೆ ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಬಾರದೆಂಬುದು ನಮ್ಮ ಕಸುಬಿನ ಮೊದಲ ಕಟ್ಟಳೆ. ಹಿಟ್ಟಿನ ಗಿರಣಿಯಲ್ಲಿ ಎರಡೂವರೆ ಕಿಲೋ ತೂಗದ ಬಡಕಲು ಬೆಕ್ಕೊಂದಿದೆ. ಅದರ ಕಾಲನ್ನು ಎತ್ತಿ ನೋಡಿದೆ (ಕೈ ಪರಚಿಸಿಕೊಂಡೆನೆಂಬುದು ಬೇರೆ ಮಾತು). ಅದರಲ್ಲಿಯೂ ಪಟ್ಟೆ! ಪಟ್ಟೆಮೈಯ ಬೆಕ್ಕುಗಳಲ್ಲಿ ಇದು ಸಾಮಾನ್ಯ. ಎಲ್ಲ ಮನೆಬೆಕ್ಕುಗಳ ಮೂಲವೆಂದು ಹೇಳಲಾಗುವ ಆಫ್ರಿಕದ ವನ್ಯಬೆಕ್ಕಿನ ಕಾಲಿನಲ್ಲಿಯೂ ಇಂಥ ಪಟ್ಟೆಗಳುಂಟು. ಎಲಿಯಟ್ಟನ ಗುರುತು ಇಲ್ಲಿ ಸಾಕ್ಷಿಯಾಗಲಾರದು. ಉಳಿದವನ್ನು ನೋಡಿದೆ. ನಮ್ಮ ಕಾಡುಬೆಕ್ಕಿನ ಕಾಲು ಉದ್ದ, ಬಾಲ ಮೋಟು. ಪ್ರಾಯಕ್ಕೆ ಬಂದ ಮೇಲೆ ಮೈಮೇಲಿನ ಪಟ್ಟೆ ಮಾಸಿ ಮಣ್ಣಿನ ಬಣ್ಣವೊಂದೇ ಉಳಿಯುತ್ತದೆ. ಕಿವಿಯ ತುದಿಯಲ್ಲಿ ಚಿಕ್ಕ ಕಪ್ಪು ಕುಚ್ಚು. ಭೀಮನ ಬಾಲ ನೆಲವನ್ನು ಗುಡಿಸುತ್ತದೆ, ಕಿವಿಯಲ್ಲಿ ಕುಚ್ಚಿಲ್ಲ, ಮೈತುಂಬ ಪಟ್ಟೆ. ಇನ್ನೂ ಒಂದು ಮಾತು: ನಮ್ಮ ದೇಶದ ಕಾಡುಬೆಕ್ಕು ಜನ ಊಹಿಸುವಷ್ಟು ದೈತ್ಯ ಪ್ರಾಣಿಯೇ ಅಲ್ಲ. ಅದರ ಗಂಡು ಸಾಮಾನ್ಯವಾಗಿ ಐದಾರು ಕಿಲೋ ತೂಗೀತು. ಭೀಮನೇ ಅದಕ್ಕಿಂತ ಭಾರ.

ವಿಲಾಯಿತಿ ಕುಲದ ವಾದವೂ ನಿಲ್ಲುವಂಥದಲ್ಲ. ಬೆಕ್ಕಿಗೆ ಕುಲವೆಂಬುದು ಬಂದದ್ದೇ ನಿನ್ನೆ ಮೊನ್ನೆ. ನಾಯಿ ಕುದುರೆಗಳನ್ನು ಮನುಷ್ಯ ತನಗೆ ಬೇಕಾದಂತೆ ಜೋಡಿಮಾಡಿ ತಳಿ ತೆಗೆದ. ರಾತ್ರಿ ಅಲೆಯುವ ಬೆಕ್ಕನ್ನು ಹಾಗೆ ಜೋಡಿಸಲಾಗದ್ದರಿಂದಲೇ ಅದರಲ್ಲಿ ತಳಿಗಳು ಬೆಳೆಯಲಿಲ್ಲವೆಂದು ಡಾರ್ವಿನ್ನನೇ ಬರೆದಿದ್ದಾನೆ. ಅದಾದ ಮೂರು ವರ್ಷಕ್ಕೆ, ೧೮೭೧ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೇರ್ ಎಂಬ ಚಿತ್ರಕಾರ ಬೆಕ್ಕುಗಳ ದೊಡ್ಡ ಪ್ರದರ್ಶನವೇರ್ಪಡಿಸಿದ. ಪ್ರದರ್ಶನವೆಂದ ಮೇಲೆ ಬಹುಮಾನ, ಬಹುಮಾನವೆಂದ ಮೇಲೆ ವರ್ಗ, ವರ್ಗವೆಂದ ಮೇಲೆ ವಂಶಾವಳಿ!

ಆ ಹುಡುಗ ತೋರಿಸಿದ ಮೇನ್ ಕೂನ್ ಬೆಕ್ಕಿನ ವಂಶಾವಳಿಯನ್ನೇ ನೋಡಿರಿ. ಅಮೆರಿಕದ ಮೇನ್ ಪ್ರಾಂತದ ಉದ್ದಗೂದಲಿನ ಬೆಕ್ಕು ಅದು. ಮೂಗಿನಿಂದ ಬಾಲದ ತುದಿಯವರೆಗೆ ೧೨೩ ಸೆಂಟಿಮೀಟರ್ ಉದ್ದವಿದ್ದ ಬೆಕ್ಕೊಂದು ೨೦೧೦ರಲ್ಲಿ ವಿಶ್ವದಾಖಲೆ ಮಾಡಿತು. ರಕೂನ್ ಎಂಬ, ಬಾಲದಲ್ಲಿ ಬಳೆಗಳಿರುವ ಪ್ರಾಣಿಯೊಡನೆ ಬೆಕ್ಕು ಕೂಡಿ ಅದು ಹುಟ್ಟಿತೆಂಬುದು ಒಂದು ಕಥೆ. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಅದು ಅಸಾಧ್ಯ. ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್ ಪಲಾಯನಕ್ಕಾಗಿ ಸಿದ್ಧಪಡಿಸಿದ ಹಡಗಿನಲ್ಲಿ ಆಕೆಯ ಸಾಮಾನುಗಳೊಡನೆ ಬೆಕ್ಕುಗಳನ್ನೂ ಮೊದಲೇ ಸಾಗಿಸಲಾಯಿತು, ೧೭೯೩ರಲ್ಲಿ ರಾಣಿಯ ತಲೆ ಹೋಯಿತು, ಬೆಕ್ಕುಗಳು ಮಾತ್ರ ಮೇನ್ ತೀರ ಸೇರಿದವು ಎಂಬುದು ಇನ್ನೊಂದು. ಇದನ್ನು ಓದಿದಾಗ ನನಗೆ ೧೦೦೯ರ ಕೌಠೇಂ ತಾಮ್ರಶಾಸನ ನೆನಪಾಯಿತು. ಕಲ್ಯಾಣದ ಚಾಲುಕ್ಯರ ಪೂರ್ವಿಕರು ೫೯ ಮಂದಿ ಅಯೋಧ್ಯೆಯಲ್ಲಿ ಆಳಿದರೆಂದು ಅಲ್ಲಿ ಹೇಳಿದೆ. ರಾಜ್ಯ ದೊಡ್ಡದಾದ ಮೇಲೆ ಅಜ್ಜಂದಿರೂ ದೊಡ್ಡವರಾಗಬೇಕಲ್ಲವೆ? ಬೆಕ್ಕಿನ ವಿಷಯದಲ್ಲಿಯೂ ಅದೇ ಪ್ರಶಸ್ತಿಕಾರನ ಕೈ. ೨೦೦೮ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದರಲ್ಲಿ ಮೇನ್ ಕೂನ್ ಪಶ್ಚಿಮ ಯೂರೋಪಿನ ಬೀದಿಬೆಕ್ಕುಗಳ ಬಂಧುವೆಂದು ಕಂಡುಬಂದಿತು. ಅದಕ್ಕಿಂತ ಸೋಜಿಗವೆಂದರೆ 'ಪರ್ಷಿಯನ್' ಬೆಕ್ಕಿಗೂ ಪರ್ಷಿಯದ ಕಡೆಯ ಬೆಕ್ಕುಗಳಿಗಿಂತ ಈ ಪಶ್ಚಿಮ ಯೂರೋಪಿನವೇ ಹತ್ತಿರ!

ಹಾಗಾದರೆ ಭೀಮನ ಗಾತ್ರ ಎಲ್ಲಿಂದ ಬಂತು? ಐದು ತಿಂಗಳ ಮರಿಯಿದ್ದಾಗಲೇ ಪಶುವೈದ್ಯರಿಂದ ಅದರ ಬೀಜ ತೆಗೆಸಿದ್ದನ್ನು ಒಡತಿ ಸಂಕೋಚದಿಂದ ಹೇಳಿದರು. ಹಾಗೆ ಎಳವೆಯಲ್ಲಿ ಮಾಡಿದರೆ ಎಲುಬಿನ ಬೆಳವಣಿಗೆ ನಿಲ್ಲುವುದು ತಡವಾಗಿ, ಕೈಕಾಲು ಇನ್ನಷ್ಟು ಉದ್ದವಾಗುತ್ತವೆ. ಅಲೆದಾಟ ಕಡಿಮೆಯಾಗಿ ಮೈಯೂ ತುಂಬುತ್ತದೆ. ಮೇಲೆ ಎರಡು ಹೊತ್ತು ಹಾಲನ್ನ. ಆಸ್ಟ್ರೇಲಿಯದ ಹಿಮ್ಮಿ ಎಂಬ ಪಟ್ಟೆಬೆಕ್ಕು ೧೯೮೬ರಲ್ಲಿ ಸತ್ತಾಗ ೨೧ ಕಿಲೋಗೂ ಹೆಚ್ಚು ತೂಗುತ್ತಿತ್ತು. ಅದೂ ಹೀಗೆಯೇ ಬೀಜ ತೆಗೆಸಿದ್ದ ಬೆಕ್ಕು. ಅದನ್ನು ಕೈಗಾಡಿಯಲ್ಲಿ ಸಾಗಿಸುತ್ತಿದ್ದರಂತೆ. ಬೆಕ್ಕುಗಳಿಗೆ ಜನ ಅತಿಯಾಗಿ ಉಣಿಸಿಯಾರೆಂದು ದಾಖಲೆಯ ಪುಸ್ತಕದವರು ತೂಕದ ಸ್ಪರ್ಧೆಯನ್ನೇ ನಿಲ್ಲಿಸಿಬಿಟ್ಟರು.

ಇದನ್ನೆಲ್ಲ ಕಟ್ಟೆಯ ಮೇಲೆ ನಿವೇದಿಸಿಕೊಂಡೆ. ಕೋಳಿಯ ಯಜಮಾನರು ಸಾವಧಾನವಾಗಿ ಕೇಳಿ, "ಪುಸ್ತಕದಾಗ ಇರಬಹುದ್ರಿ ಸರ, ಕೋಳಿ ಹೋಗಿದ್ದು ನಮ್ಮವಲ್ರೀ" ಎಂದರು. ಒಡತಿಯೂ ಸುಮ್ಮನಿರಲಿಲ್ಲ: "ಅದರಪ್ಪ ಅಡವ್ಯಾಗಿಂದ ಬಂದಿದ್ರೂ ಬಂದಿರಲಿ. ಇದು ಕಣ್ಣು ಬಿಟ್ಟದ್ದು ನಮ್ಮ ಅಡಿಗಿಮನ್ಯಾಗ." ಕೊನೆಗೆ, ಎಂಟು ದಿನ ಭೀಮನನ್ನು ನನ್ನ ಸುಪರ್ದಿನಲ್ಲಿ, ಕದ ಹಾಕಿದ ಕೋಣೆಯಲ್ಲಿ ಇರಿಸುವುದೆಂದು ಒಪ್ಪಂದವಾಯಿತು. ಐದನೆಯ ರಾತ್ರಿ ಮತ್ತೊಂದು ಕೋಳಿ ಹೋಯಿತು. ಕದ್ದವರಾರೆಂದು ಇಂದಿಗೂ ಗೊತ್ತಾಗಿಲ್ಲ. ಗೂಡಿಗೆ ತಂತಿಯ ಜಾಲರಿ ಬಿದ್ದಿದೆ. ಯಜಮಾನರು ಈಗಲೂ ಅದನ್ನು ಕಾಡುಬೆಕ್ಕೆಂದೇ ಕರೆಯುತ್ತಾರೆ, ಆದರೆ ಚೀಲದ ಮಾತನ್ನು ಎತ್ತುವುದಿಲ್ಲ. ಆ ಎಂಟು ದಿನ ಭೀಮನು ಕೋಣೆಯಲ್ಲಿದ್ದ ಮಂಚವನ್ನು ಬಿಟ್ಟು, ನಾನು ಸುತ್ತಿಟ್ಟಿದ್ದ ಶಾಸನದ ಪಡಿಯಚ್ಚುಗಳ ಮೇಲೆಯೇ ಮಲಗಿದ. ಮೊನ್ನೆ ಬಿಚ್ಚಿ ನೋಡುವಾಗ ಅಕ್ಷರಗಳ ನಡುವೆ ಅಲ್ಲಲ್ಲಿ ಬೂದುಬಣ್ಣದ ಕೂದಲು ಸಿಕ್ಕಿಕೊಂಡಿತ್ತು.