ಟವರ್ ಇಲ್ಲದ ಜಾಲ: ಬ್ಯಾಟರಿ ಮತ್ತು ಬೀಗದ ಚರಿತ್ರೆ

ಕೊನೆಯ ಬೆಂಚಿನ ಹುಡುಗ ಮೊದಲ ಬೆಂಚಿನ ಗೆಳೆಯನಿಗೆ ಚೀಟಿ ಕಳಿಸುವುದನ್ನು ನೀವೆಲ್ಲ ನೋಡಿರುತ್ತೀರಿ. ಚೀಟಿ ಕೈಯಿಂದ ಕೈಗೆ ದಾಟುತ್ತದೆ. ಇಲ್ಲಿ ಎರಡು ಪ್ರಶ್ನೆಗಳಿವೆ. ಇನ್ನೊಬ್ಬರ ಚೀಟಿಗಾಗಿ ನಡುವಿನವರು ಯಾಕೆ ಶ್ರಮ ಪಡಬೇಕು? ಅವರು ಅದನ್ನು ಓದದೆ, ತಿದ್ದದೆ ದಾಟಿಸುತ್ತಾರೆಂದು ನಂಬುವುದು ಹೇಗೆ? ಟವರಿನ ಹಂಗಿಲ್ಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ‘ಅಡ್ ಹಾಕ್’ ನಿಸ್ತಂತು ಜಾಲದ ಇತಿಹಾಸವೂ ಈ ಎರಡು ಪ್ರಶ್ನೆಗಳದ್ದೇ. ನಾನು ಬಿ.ಎ. ಓದಿದ ಮೇಷ್ಟ್ರು, ಇಂಜಿನಿಯರ್ ಅಲ್ಲ. ಓದಿ ಅರ್ಥವಾದಷ್ಟನ್ನು ಹೇಳುತ್ತೇನೆ.

ಕತೆ ಸಮುದ್ರದ ನಡುವೆ ಶುರುವಾಗುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಬೆಸೆದರು. ಅದರ ಹೆಸರು ‘ಅಲೋಹಾನೆಟ್’. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದು. ಎರಡು ಸಂದೇಶ ಡಿಕ್ಕಿ ಹೊಡೆದರೆ ಸ್ವಲ್ಪ ತಡೆದು ಮತ್ತೆ ಕಳಿಸಬೇಕು. ಈ ಪದ್ಧತಿಯಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಸಮಯ ಮಾತ್ರ ಸಾರ್ಥಕ. ಲಾರೆನ್ಸ್ ರಾಬರ್ಟ್ಸ್ 1972ರಲ್ಲಿ ಸಮಯವನ್ನು ಸಮಭಾಗಗಳಾಗಿ ಹಂಚುವ ಉಪಾಯ ಹೇಳಿದರು; ಸಾರ್ಥಕತೆ ಶೇ. 37ಕ್ಕೆ ಏರಿತು. ಆದರೆ ಅಲ್ಲಿ ಎಲ್ಲರೂ ಒಂದು ಕೇಂದ್ರದ ಜೊತೆ ಮಾತಾಡುತ್ತಿದ್ದರು. ಕೈಯಿಂದ ಕೈಗೆ ದಾಟಿಸುವ ಜಾಲ ಬಂದದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ‘ಡಾರ್ಪಾ’ದ ಪ್ಯಾಕೆಟ್ ರೇಡಿಯೋ ಯೋಜನೆಯಿಂದ, 1970ರ ದಶಕದಲ್ಲಿ. ಆ ಪೆಟ್ಟಿಗೆಗಳು ದೊಡ್ಡವು, ದುಬಾರಿ. ಹಾಗಾಗಿ 1983ರಲ್ಲಿ ಶುರುವಾದ ‘ಸುರಾನ್’ ಯೋಜನೆ ಚಿಕ್ಕ, ಅಗ್ಗದ, ಕಡಿಮೆ ವಿದ್ಯುತ್ ಬೇಡುವ, ಶತ್ರುವಿನ ತಂತ್ರಕ್ಕೆ ಬಗ್ಗದ ರೇಡಿಯೋ ಬೇಕೆಂದಿತು. ನಮ್ಮ ಎರಡು ಪ್ರಶ್ನೆಗಳೂ ಅಲ್ಲೇ ಹುಟ್ಟಿದ್ದವು.

ಮೊದಲು ಬ್ಯಾಟರಿಯ ವಿಷಯ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಪ್ರಸಾರಕ್ಕೆ ನಾಲ್ಕರಷ್ಟು ಶಕ್ತಿ ಬೇಕು. ಸರಿಯಾಗಿ ನಡುವೆ ಒಬ್ಬ ನಿಂತರೆ ಕಾಲು ಮತ್ತು ಕಾಲು, ಒಟ್ಟು ಅರ್ಧ ಶಕ್ತಿ ಸಾಕು. ಲೆಕ್ಕ ಚೆನ್ನಾಗಿದೆ. ಆದರೆ ಎಲ್ಲರೂ ಅದೇ ನಡುವಿನವನನ್ನು ಹಿಡಿದರೆ ಅವನ ಬ್ಯಾಟರಿ ಬೇಗ ಸಾಯುತ್ತದೆ, ಜಾಲ ಎರಡು ಹೋಳಾಗುತ್ತದೆ. 1998ರಲ್ಲಿ ಸುರೇಶ್ ಸಿಂಗ್, ರಾಘವೇಂದ್ರ ಮೊದಲಾದವರು, ಹತ್ತಿರದ ದಾರಿಯನ್ನಷ್ಟೇ ಅಲ್ಲ, ಬ್ಯಾಟರಿಯನ್ನೂ ನೋಡಿ ದಾರಿ ಆರಿಸಬೇಕೆಂದರು. 2000ದಲ್ಲಿ ಎಂ.ಐ.ಟಿ.ಯ ವೆಂಡಿ ಹೈನ್ಜೆಲ್ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ಅವರು ಸಂವೇದಕಗಳ ಜಾಲಕ್ಕಾಗಿ ‘ಲೀಚ್’ ಪದ್ಧತಿ ತಂದರು. ಅದರಲ್ಲಿ ಗುಂಪಿನ ನಾಯಕತ್ವ ಸರದಿಯ ಮೇಲೆ ಬದಲಾಗುತ್ತದೆ, ನಮ್ಮ ಕ್ಲಾಸ್ ಲೀಡರಿನ ಹಾಗೆ. ಇನ್ನೊಂದು ಸಂಗತಿ: ರೇಡಿಯೋ ಸುಮ್ಮನೆ ಕಿವಿಗೊಟ್ಟು ಕೂತರೂ ವಿದ್ಯುತ್ ತಿನ್ನುತ್ತದೆ. ಅದಕ್ಕೇ 2002ರ ‘ಎಸ್-ಮ್ಯಾಕ್’ ಪದ್ಧತಿ, ಗೊತ್ತಾದ ಹೊತ್ತಿಗೆ ಮಲಗಿ ಗೊತ್ತಾದ ಹೊತ್ತಿಗೆ ಏಳುವ ಶಿಸ್ತು ಕಲಿಸಿತು.

ಈಗ ಭದ್ರತೆ. 1999ರಲ್ಲಿ ಕೇಂಬ್ರಿಜ್‌ನ ಫ್ರಾಂಕ್ ಸ್ಟಾಜಾನೋ ಮತ್ತು ರಾಸ್ ಆಂಡರ್ಸನ್ ಒಂದು ವಿಚಿತ್ರ ದಾಳಿಯ ಬಗ್ಗೆ ಎಚ್ಚರಿಸಿದರು. ಕಳ್ಳ ಗುಟ್ಟು ಕದಿಯಬೇಕಿಲ್ಲ. ಪದೇ ಪದೇ ಮಾತಾಡಿಸುತ್ತಾ ಯಂತ್ರವನ್ನು ಮಲಗಲು ಬಿಡದಿದ್ದರೆ ಸಾಕು, ಬ್ಯಾಟರಿ ಮುಗಿದು ಅದು ಸಾಯುತ್ತದೆ. ಅವರು ಅದನ್ನು ‘ನಿದ್ದೆಗೆಡಿಸುವ ಹಿಂಸೆ’ ಎಂದು ಕರೆದರು. ಕದಿಯಲು ಬರದ, ಕೆಡಿಸಲೂ ಬರದ ಇನ್ನೊಬ್ಬನಿದ್ದಾನೆ: ಸ್ವಾರ್ಥಿ. ತನ್ನ ಬ್ಯಾಟರಿ ಉಳಿಸಿಕೊಳ್ಳಲು ಬೇರೆಯವರ ಚೀಟಿ ಎಸೆದುಬಿಡುವವನು. 2000ದಲ್ಲಿ ಸ್ಟ್ಯಾನ್‌ಫರ್ಡ್‌ನವರು ಪಕ್ಕದವನು ದಾಟಿಸಿದನೇ ಎಂದು ಕದ್ದು ಕೇಳುವ ‘ಕಾವಲುನಾಯಿ’ ಉಪಾಯ ಸೂಚಿಸಿದರು. ಆದರೆ ಕದ್ದು ಕೇಳುವುದಕ್ಕೂ ಎಚ್ಚರವಾಗಿರಬೇಕು, ಎಚ್ಚರವೆಂದರೆ ಖರ್ಚು!

ಬೀಗ ಹಾಕೋಣವೆಂದರೆ ದೊಡ್ಡ ಬೀಗಕ್ಕೆ ದೊಡ್ಡ ಲೆಕ್ಕ ಬೇಕು. 2001ರಲ್ಲಿ ಏಡ್ರಿಯನ್ ಪೆರಿಗ್ ಮತ್ತಿತರರು ಬರ್ಕ್ಲಿಯಲ್ಲಿ ಕೆಲಸ ಮಾಡಿದ ಪುಟ್ಟ ಯಂತ್ರಕ್ಕೆ ಇದ್ದದ್ದು ಕೇವಲ 512 ಬೈಟ್ ರ‍್ಯಾಮ್. ಅದಕ್ಕೆ ಅವರು ಹಗುರ ಉಪಾಯ ಅಳವಡಿಸಿದರು. ಇಂದಿನ ಸಂದೇಶಕ್ಕೆ ಮುದ್ರೆ ಒತ್ತಿ, ಆ ಮುದ್ರೆಯ ಕೀಲಿಯನ್ನು ಸ್ವಲ್ಪ ಹೊತ್ತಿನ ನಂತರ ಎಲ್ಲರಿಗೂ ಹೇಳುವುದು. ಕೀಲಿ ಬಯಲಾದ ಮೇಲೆ ಆ ಮುದ್ರೆಯ ಹೊಸ ಸಂದೇಶವನ್ನು ಯಾರೂ ಒಪ್ಪುವುದಿಲ್ಲ. ಹಾಗಾಗಿ ಆಮೇಲೆ ಕೀಲಿ ತಿಳಿದರೂ ಕಳ್ಳನಿಗೆ ಲಾಭವಿಲ್ಲ. ಗಡಿಯಾರಗಳು ಹೆಚ್ಚುಕಡಿಮೆ ಒಂದೇ ಸಮಯ ತೋರಿಸಬೇಕು, ಅಷ್ಟೇ. 2002ರಲ್ಲಿ ಹು, ಪೆರಿಗ್, ಜಾನ್ಸನ್ ಅವರ ‘ಅರಿಯಾಡ್ನಿ’ ಪದ್ಧತಿ ಇದೇ ದಾರಿಯಲ್ಲಿ ಜಾಲದ ಹಾದಿಗಳನ್ನು ಕಾಯುವ ಯತ್ನ ಮಾಡಿತು.

2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಹಲವೆಡೆ ಕರೆಂಟೂ ಹೋಗಿತ್ತು, ಮೊಬೈಲೂ ನಿಂತಿತ್ತು. ಅಂಥ ಹೊತ್ತಿನಲ್ಲಿ ಫೋನಿನಿಂದ ಫೋನಿಗೆ ದಾಟುವ ಮಾತು ಜೀವ ಉಳಿಸಬಲ್ಲದು. ಆದರೆ ಅದೇ ಹೊತ್ತಿನಲ್ಲಿ ಪ್ರತಿಯೊಬ್ಬನೂ ತನ್ನ ಕಡೆಯ ಹನಿ ಬ್ಯಾಟರಿಯನ್ನು ಬಿಗಿಹಿಡಿದು ಕೂತಿರುತ್ತಾನೆ, ಸುಳ್ಳು ಸುದ್ದಿ ಹರಿಬಿಡುವವನೂ ಇರುತ್ತಾನೆ. ಭದ್ರತೆಯ ಬೆಲೆಯನ್ನು ಬ್ಯಾಟರಿಯಲ್ಲಿ ಕಟ್ಟಬೇಕು, ಬ್ಯಾಟರಿ ಉಳಿಸುವಾಗ ಭದ್ರತೆಯನ್ನು ಮರೆಯಬಾರದು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಅರ್ಧ ಶತಮಾನ ಕಳೆದರೂ ಈ ಪಾಠ ಮುಗಿದಿಲ್ಲ, ಮಿತ್ರರೇ.