ಆಣೆಯಿಂದ ಭರವಸೆಯ ಮಾತಿಗೆ

ನಮ್ಮ ಹುಲಿಯೂರುದುರ್ಗದ ಕಡೆ ಕುಡಿತ ಬಿಡಿಸಲು ಹಿರಿಯರು ನಂಬಿದ್ದ ದಾರಿ ಆಣೆ. ಮನೆದೇವರ ಮುಂದೆ ಕರ್ಪೂರ ಹಚ್ಚಿಸಿ ಅವ್ವ ನನ್ನಿಂದ ಮೂರು ಸಲ 'ಇನ್ನು ಮುಟ್ಟಲ್ಲ' ಅನ್ನಿಸಿದಳು. ಮೂರು ಸಲವೂ ಮುರಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಯಿತು, ನನ್ನ ಚಟ ಬಾಟಲಿಗೆ ಹೊರಳಿತು.

ಆಣೆಯಲ್ಲಿ ಇದ್ದದ್ದು ಭಯ. ಮುರಿದ ದಿನ ದೇವರಿಗೂ ಮುಖ ತೋರಿಸಲಾರದೆ ಇನ್ನಷ್ಟು ಕುಡಿಯುತ್ತಿದ್ದೆ. ಕೊನೆಗೆ ಒಂದು ಮದ್ಯವರ್ಜನ ಶಿಬಿರದಲ್ಲಿ ಬೇರೆ ಮಾತು ಕಲಿತೆ: 'ಇವತ್ತೊಂದು ದಿನ ಕುಡಿಯದೆ ಇರಬಲ್ಲೆ.'

ಈ ಬಗೆಯ ಮಾತಿಗೂ ಚರಿತ್ರೆಯಿದೆ. ಫ್ರಾನ್ಸಿನಲ್ಲಿ ಔಷಧಿ ಅಂಗಡಿ ನಡೆಸಿದ್ದ ಎಮಿಲ್ ಕೂಎ (1857–1926), ದಾರಕ್ಕೆ 20 ಗಂಟು ಹಾಕಿ, ಗಂಟಿಗೊಮ್ಮೆ ಒಳ್ಳೆಯ ಮಾತೊಂದನ್ನು ಹೇಳಿಕೊಳ್ಳಲು ಕಲಿಸಿದ. ಜಪಮಾಲೆ ಕಂಡ ನಮಗೆ ಅದು ಹೊಸದಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದರು. ಅಲ್ಲಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಬೆಳೆಯಿತು. ನಮ್ಮಲ್ಲೋ 12ನೇ ಶತಮಾನದಲ್ಲೇ ಹೆಂಡ ಮಾರುತ್ತಿದ್ದ ಮಾರಯ್ಯ ಶರಣನಾಗಿ ವಚನ ಬರೆದ.

ಮಾತೊಂದೇ ಮದ್ದಲ್ಲ. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರನ್ನು ಕಾಣಬೇಕು. ಆದರೆ ಕೈ ನಡುಗುವ ಬೆಳಗಿನಲ್ಲಿ ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದು ಆ ಮಾತೇ.

ಅವ್ವ ಈಗ ಆಣೆ ಕೇಳುವುದಿಲ್ಲ. ಕಾಫಿ ಲೋಟ ಕೈಗಿಟ್ಟು, 'ಹೇಳ್ಕಂಡೇನಪ್ಪ ಇವತ್ತು?' ಅನ್ನುತ್ತಾಳೆ.